ಕೋಲ್ಡ್ ಪ್ಲಾಸ್ಮಾ ತಗುಲಿದ ಬಿಳಿ ರಕ್ತಕಣ: ಸೆಮಿನಾರಿಗೆ ಕೂರುವ ಮುಂಚೆ ಪೇಪರ್ ಓದುವ ಬಗೆ

ದಾವಣಗೆರೆಯಲ್ಲಿ ಎಂ.ಎಸ್ಸಿ. ಬಯೋಕೆಮಿಸ್ಟ್ರಿ ಮಕ್ಕಳಿಗೆ ಪಾಠ ಮಾಡುವವನು ನಾನು. ಜರ್ನಲ್ ಕ್ಲಬ್ (ಸಂಶೋಧನಾ ಪೇಪರ್ ಓದಿ ಎಲ್ಲರ ಮುಂದೆ ವಿವರಿಸುವ ಸೆಮಿನಾರ್) ಶುರುವಾಯಿತು ಅಂದರೆ ಯಾರಾದರೊಬ್ಬರು ಕೋಲ್ಡ್ ಪ್ಲಾಸ್ಮಾ ಪೇಪರ್ ಹಿಡಿದುಕೊಂಡು ಬಂದೇ ಬರುತ್ತಾರೆ. ನೇರಳೆ ಬಣ್ಣದ ಸಣ್ಣ ಜ್ವಾಲೆ ಬೆರಳಿಗೆ ತಾಗುತ್ತಿರುವ ಫೋಟೋ ಇರುತ್ತದಲ್ಲ, ಅದಕ್ಕೆ ಮರುಳಾಗದವರು ಕಡಿಮೆ. ಇಪ್ಪತ್ತು ಸ್ಲೈಡ್ ಮಾಡುತ್ತಾರೆ. ಕೊನೆಯ ಸ್ಲೈಡ್‌ನಲ್ಲಿ ‘ಪ್ಲಾಸ್ಮಾದಿಂದ ಇಮ್ಯುನಿಟಿ ಜಾಸ್ತಿ ಆಗುತ್ತದೆ’ ಎಂದು ಬರೆದು ಥ್ಯಾಂಕ್ಯೂ ಹೇಳುತ್ತಾರೆ. ಆ ಸಾಲು ಕಂಡರೆ ನನಗೆ ತಡೆಯೋಕಾಗಲ್ಲ.

ಯಾವ ಸೆಲ್‌ಗೆ? ಎಷ್ಟು ಸೆಕೆಂಡ್ ಹಿಡಿದಾಗ? ಯಾವ ದ್ರವದಲ್ಲಿ? ಇಷ್ಟು ಹೇಳದೆ ‘ಪ್ಲಾಸ್ಮಾದ ಪರಿಣಾಮ’ ಅನ್ನುವ ಮಾತಿಗೆ ಅರ್ಥವೇ ಇಲ್ಲ. ಒಂದೇ ಪ್ಲಾಸ್ಮಾ ಒಂದು ಸೆಲ್ಲನ್ನು ಕೊಲ್ಲುತ್ತದೆ, ಪಕ್ಕದ ಇನ್ನೊಂದು ಸೆಲ್ ಅದನ್ನು ತಡೆದುಕೊಂಡು ಬದುಕುತ್ತದೆ. ಇಂಥ ಪೇಪರನ್ನು ಹೇಗೆ ಓದಬೇಕು ಅಂತ ಪ್ರತಿ ಸಲ ಬೋರ್ಡಿನ ಮೇಲೆ ಬರೆದು ಅಳಿಸುತ್ತಿದ್ದೆ. ಈಗ ಬರೆದೇ ಇಡುತ್ತಿದ್ದೇನೆ.

ಮೊದಲು ಒಂದು ಗೊಂದಲ ತೆಗೆದುಬಿಡೋಣ. ಊರಲ್ಲಿ ಪ್ಲಾಸ್ಮಾ ಅಂದರೆ ಬ್ಲಡ್ ಬ್ಯಾಂಕಿನ ಹಳದಿ ಚೀಲ, ಇಲ್ಲವೇ ಕೂದಲು ಉದುರೋದಕ್ಕೆ ತಲೆಗೆ ಚುಚ್ಚುವ ಪಿಆರ್‌ಪಿ. ನಾವು ಓದುತ್ತಿರುವುದು ಅದೆರಡೂ ಅಲ್ಲ. ವಿದ್ಯುತ್ ಹಾಯಿಸಿ ಅಯಾನು ಮಾಡಿದ ಅನಿಲ ಇದು. ಇದರಲ್ಲಿ ಎಲೆಕ್ಟ್ರಾನ್‌ಗಳು ಮಾತ್ರ ಹತ್ತು ಸಾವಿರ ಡಿಗ್ರಿಗೂ ಮೇಲೆ ಕಾದಿರುತ್ತವೆ. ಭಾರದ ಪರಮಾಣುಗಳು ತಣ್ಣಗೇ ಉಳಿದಿರುತ್ತವೆ. ಅದಕ್ಕೇ ಜ್ವಾಲೆಯ ತುದಿ 40 ಡಿಗ್ರಿ ದಾಟುವುದಿಲ್ಲ, ಬೆರಳು ಸುಡುವುದಿಲ್ಲ.

ಅಬ್‌ಸ್ಟ್ರಾಕ್ಟ್ ಬಿಡಿ, ಮೆಥಡ್ಸ್ ತೆಗೆಯಿರಿ

ಅಬ್‌ಸ್ಟ್ರಾಕ್ಟ್ (ಪೇಪರಿನ ಮೊದಲ ಸಾರಾಂಶ) ಓದಿದರೆ ಬರೆದವರ ಅಭಿಪ್ರಾಯ ನಿಮ್ಮ ತಲೆಗೆ ಮೊದಲೇ ಬಂದು ಕೂರುತ್ತದೆ. ಆಮೇಲೆ ಚಿತ್ರದಲ್ಲೂ ಅದೇ ಕಾಣುತ್ತದೆ. ಹಾಗಾಗಿ ಮೊದಲು ಮೆಥಡ್ಸ್ (ಪ್ರಯೋಗ ಮಾಡಿದ ವಿಧಾನ) ತೆಗೆದು, ಒಂದು ಹಾಳೆಯ ಮೇಲೆ ಇಷ್ಟನ್ನು ಬರೆದುಕೊಳ್ಳಿ: ಯಂತ್ರದ ಹೆಸರು, ಅನಿಲ, ನಿಮಿಷಕ್ಕೆ ಎಷ್ಟು ಲೀಟರ್, ನಳಿಕೆಯ ತುದಿಯಿಂದ ದ್ರವಕ್ಕೆ ಎಷ್ಟು ಮಿಲಿಮೀಟರ್, ಎಷ್ಟು ಸೆಕೆಂಡ್, ಎಷ್ಟು ದ್ರವ, ಅದರಲ್ಲಿ ಎಷ್ಟು ಸೆಲ್.

ನಿಮಗೆ ಹೆಚ್ಚಾಗಿ ಸಿಗುವ ಹೆಸರು ಕಿನ್‌ಪೆನ್. ಜರ್ಮನಿಯ ಗ್ರೀಫ್ಸ್‌ವಾಲ್ಡ್ ಎಂಬ ಊರಿನದು. ಅಲ್ಲಿನ ಲೈಬ್ನಿಟ್ಸ್ ಪ್ಲಾಸ್ಮಾ ಸಂಸ್ಥೆಯಲ್ಲಿ ಬೆಳೆದ ಯಂತ್ರ. ಆರ್ಗಾನ್ ಅನಿಲ ಹಾಯಿಸುತ್ತಾರೆ, ನಿಮಿಷಕ್ಕೆ 3ರಿಂದ 5 ಲೀಟರ್. ಒಳಗಿನ ಸೂಜಿಗೆ ಸುಮಾರು 1 ಮೆಗಾಹರ್ಟ್ಸ್‌ನಲ್ಲಿ ವೋಲ್ಟೇಜ್ ಕೊಡುತ್ತಾರೆ. ಗಾಯದ ಚಿಕಿತ್ಸೆಗೆಂದು ಮಾಡಿದ ಅದರ ರೂಪಕ್ಕೆ 2013ರಲ್ಲಿ ಯುರೋಪಿನಲ್ಲಿ ಮಾರಲು ಬೇಕಾದ ಸಿಇ ಗುರುತು ಸಿಕ್ಕಿತು. ಇನ್ನೊಂದು ಬಗೆ ಡೈಎಲೆಕ್ಟ್ರಿಕ್ ಬ್ಯಾರಿಯರ್ ಡಿಸ್‌ಚಾರ್ಜ್. ಅದಕ್ಕೆ ಸಿಲಿಂಡರ್ ಬೇಡ, ಸುತ್ತಲಿನ ಗಾಳಿಯೇ ಸಾಕು. ಚರ್ಮಕ್ಕೆ ಹತ್ತಿರ ಹಿಡಿದರೆ ಮಧ್ಯದ ತೆಳು ಜಾಗದಲ್ಲೇ ಪ್ಲಾಸ್ಮಾ ಹುಟ್ಟುತ್ತದೆ. ಇವೆರಡರಿಂದ ಹುಟ್ಟುವ ರಾಸಾಯನಿಕಗಳ ಪಾಕ ಬೇರೆ ಬೇರೆ. ಆದ್ದರಿಂದ ಒಂದರ ‘60 ಸೆಕೆಂಡ್’ ಇನ್ನೊಂದರ 60 ಸೆಕೆಂಡ್ ಅಲ್ಲ. ಹಾಳೆಯ ಮೇಲೆ ಇದನ್ನು ಕೆಂಪು ಪೆನ್ನಿನಲ್ಲಿ ಬರೆದುಕೊಳ್ಳಿ.

ಅನಿಲದಲ್ಲಿ ತೇವ ಎಷ್ಟು ಅನ್ನುವುದನ್ನೂ ಹುಡುಕಿ. ಆರ್ಗಾನ್ ಪೈಪಿನಲ್ಲಿ ಚೂರು ನೀರಿನ ಆವಿ ಸೇರಿದರೂ ಹುಟ್ಟುವ ಹೈಡ್ರೋಜನ್ ಪೆರಾಕ್ಸೈಡ್ ಬದಲಾಗುತ್ತದೆ. ಒಳ್ಳೆಯ ಪೇಪರ್‌ಗಳಲ್ಲಿ ಆರ್ಗಾನ್ ಎಷ್ಟು ಶುದ್ಧ ಅಂತ ಬರೆದಿರುತ್ತಾರೆ, 99.999 ಪರ್ಸೆಂಟ್ ಅಂತ. ಹರಿಹರದ ರಸ್ತೆಯ ಫ್ಯಾಬ್ರಿಕೇಶನ್ ಶೆಡ್‌ಗಳಲ್ಲಿ ಟಿಗ್ ವೆಲ್ಡಿಂಗಿಗೆ ಬಳಸುವುದೂ ಆರ್ಗಾನೇ. ಒಬ್ಬ ಹುಡುಗ ಕೇಳಿದ್ದ, ‘ಸರ, ಅದೇ ಸಿಲಿಂಡರ್ ತಂದರೆ ಆಗಲ್ವಾ?’ ಬೆಸುಗೆಗೆ ಸಾಕು, ಸೆಲ್‌ಗೆ ಸಾಲದು. ಅದೂ ಅಲ್ಲದೆ ಕಿಲೋವೋಲ್ಟ್ ಕೆಲಸವನ್ನು ಹಾಸ್ಟೆಲ್ ರೂಮಿನಲ್ಲಿ ಮಾಡಬೇಡಿ. ಓಝೋನ್ ವಾಸನೆ ಮೂಗಿಗೆ ಬಂತು ಅಂದರೆ ಅದು ಆಗಲೇ ನಿಮ್ಮ ಶ್ವಾಸಕೋಶದ ಒಳಗಿದೆ.

ಸೆಲ್‌ಗೆ ಮುಟ್ಟುವುದು ಪ್ಲಾಸ್ಮಾ ಅಲ್ಲ

ಹೆಚ್ಚು ಹೊತ್ತು ಕೊಡಬೇಕಾದ ಜಾಗ ಇದು. ಡಿಶ್‌ನಲ್ಲಿ ಸೆಲ್‌ಗಳು ದ್ರವದ ಒಳಗಿರುತ್ತವೆ. ಜ್ವಾಲೆ ದ್ರವದ ಮೇಲ್ಮೈಗೆ ತಾಗುತ್ತದೆ, ಅಷ್ಟೇ. ಸೆಲ್ ತನಕ ಹೋಗುವುದು ದ್ರವದಲ್ಲಿ ಕರಗಿದ, ಇಲ್ಲವೇ ಅಲ್ಲೇ ಹುಟ್ಟಿದ ಸಾಮಗ್ರಿ.

ಅದರಲ್ಲಿ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಇದೆ. ಅದು ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಮುಂಚೆ, ಹುಟ್ಟಿದ ಜಾಗದಲ್ಲೇ ಏನನ್ನಾದರೂ ಕಚ್ಚಿ ಮುಗಿದುಹೋಗುತ್ತದೆ. ಸೂಪರಾಕ್ಸೈಡ್, ಸಿಂಗ್ಲೆಟ್ ಆಕ್ಸಿಜನ್, ಓಝೋನ್, ನೈಟ್ರಿಕ್ ಆಕ್ಸೈಡ್ ಇವೆ. ಕೊನೆಗೆ ಉಳಿಯುವವು ಹೈಡ್ರೋಜನ್ ಪೆರಾಕ್ಸೈಡ್, ನೈಟ್ರೈಟ್ ಮತ್ತು ನೈಟ್ರೇಟ್. ಆರ್ಗಾನ್ ಜೆಟ್ ಹಿಡಿದ ರಕ್ತಕಣಗಳ ವಿಷಯದಲ್ಲಿ ಮುಖ್ಯ ಪಾತ್ರ ಪೆರಾಕ್ಸೈಡಿನದೇ ಅಂತ ಗ್ರೀಫ್ಸ್‌ವಾಲ್ಡ್ ತಂಡವೇ 2014ರಲ್ಲಿ ಬರೆದಿದೆ. ಪೆರಾಕ್ಸೈಡ್ ಒಡೆಯುವ ಕ್ಯಾಟಲೇಸ್ ಎಂಜೈಮ್ ಹಾಕಿದರೆ ಸೆಲ್‌ಗಳು ಬದುಕಿಕೊಳ್ಳುತ್ತವೆ.

ಹಾಗಾದರೆ ಆ ದ್ರವ ಯಾವುದು ಅನ್ನುವುದು ದೊಡ್ಡ ಪ್ರಶ್ನೆ ಆಯಿತಲ್ಲ? ಸೆಲ್ ಬೆಳೆಸುವ ಪೋಷಕ ದ್ರವಕ್ಕೆ ಮೀಡಿಯಂ ಅನ್ನುತ್ತಾರೆ; ಆರ್‌ಪಿಎಂಐ, ಡಿಎಂಇಎಂ ಅಂಥ ಎರಡು. ಆರ್‌ಪಿಎಂಐ 1640ರ ಮಾಮೂಲಿ ಬಾಟಲಿಯಲ್ಲಿ ಪೈರುವೇಟ್ ಇರುವುದಿಲ್ಲ. ಡಿಎಂಇಎಂನ ಬಹಳ ಬಾಟಲಿಗಳಲ್ಲಿ 1 ಮಿಲಿಮೋಲಾರ್ ಸೋಡಿಯಂ ಪೈರುವೇಟ್ ಇರುತ್ತದೆ. ಪೈರುವೇಟ್ ಪೆರಾಕ್ಸೈಡನ್ನು ತಿಂದುಹಾಕುತ್ತದೆ. ಎಂಜೈಮೂ ಬೇಡ, ನೇರವಾಗಿ ಪ್ರತಿಕ್ರಿಯಿಸಿ ಅಸಿಟೇಟ್, ಕಾರ್ಬನ್ ಡೈಆಕ್ಸೈಡ್ ಮತ್ತು ನೀರಾಗುತ್ತದೆ. ಸೀರಂ ಕೂಡ ಒಂದಷ್ಟು ಹೀರುತ್ತದೆ. ಒಂದು ತಂಡ ಸೆಲ್ ಸತ್ತವು ಅನ್ನುತ್ತದೆ, ಇನ್ನೊಂದು ತಂಡ ಏನೂ ಆಗಲಿಲ್ಲ ಅನ್ನುತ್ತದೆ. ಪ್ಲಾಸ್ಮಾದಲ್ಲಿ ವ್ಯತ್ಯಾಸ ಹುಡುಕುವ ಮುಂಚೆ ಎರಡೂ ಪೇಪರಿನ ಬಾಟಲಿ ನೋಡಿ. ಎಷ್ಟೋ ಸಲ ಜಗಳ ಅಲ್ಲೇ ಮುಗಿಯುತ್ತದೆ.

ಇನ್ನೊಂದು ವಿಷಯ. ಸೆಲ್ ಇರುವಾಗಲೇ ಜ್ವಾಲೆ ಹಿಡಿದರಾ, ಅಥವಾ ಬರೀ ದ್ರವಕ್ಕೆ ಹಿಡಿದು ಆಮೇಲೆ ಸೆಲ್ ಮೇಲೆ ಸುರಿದರಾ? ಎರಡನೆಯದರಲ್ಲಿ ಬಾಳಿಕೆ ಕಡಿಮೆ ಇರುವ ಸಾಮಗ್ರಿಯೆಲ್ಲ ದಾರಿಯಲ್ಲೇ ಮುಗಿದಿರುತ್ತದೆ. ಟೈಟಲ್‌ನಲ್ಲಿ ಎರಡನ್ನೂ ‘ಪ್ಲಾಸ್ಮಾ ಟ್ರೀಟ್‌ಮೆಂಟ್’ ಅಂತಲೇ ಬರೆದಿರುತ್ತಾರೆ.

ಇದರಲ್ಲಿ ಒಂದು ಭಾಗವನ್ನು ನಮ್ಮ ಲ್ಯಾಬಿನಲ್ಲೇ ಮಾಡಿ ನೋಡಬಹುದು. ಪ್ಲಾಸ್ಮಾ ಯಂತ್ರ ಬೇಡ. ಫೀನಾಲ್ ರೆಡ್ ಎಂಬ ಬಣ್ಣ ಇಲ್ಲದ ಆರ್‌ಪಿಎಂಐ ತೆಗೆದುಕೊಳ್ಳಿ. ಎರಡು ಟ್ಯೂಬ್ ಮಾಡಿ, ಒಂದಕ್ಕೆ 1 ಮಿಲಿಮೋಲಾರ್ ಆಗುವಷ್ಟು ಪೈರುವೇಟ್ ಹಾಕಿ. ಎರಡಕ್ಕೂ 100 ಮೈಕ್ರೋಮೋಲಾರ್ ಆಗುವಷ್ಟು ಹೈಡ್ರೋಜನ್ ಪೆರಾಕ್ಸೈಡ್ ಹಾಕಿ. ಲ್ಯಾಬಿನ 30 ಪರ್ಸೆಂಟ್ ಬಾಟಲಿ ಹೊಸದಾಗಿದ್ದರೆ ಸುಮಾರು 9.8 ಮೋಲಾರ್ ಇರುತ್ತದೆ. ಹಳೆಯದಾದರೆ ನಂಬಬೇಡಿ. ನೀರಿನಲ್ಲಿ ತೆಳು ಮಾಡಿ 240 ನ್ಯಾನೋಮೀಟರ್‌ನಲ್ಲಿ ಓದಿ, 43.6ರಿಂದ ಭಾಗಿಸಿದರೆ ತೆಳು ಮಾಡಿದ್ದರ ಮೋಲಾರಿಟಿ ಸಿಗುತ್ತದೆ. ಆಮೇಲೆ ಐದು, ಹದಿನೈದು, ಮೂವತ್ತು ನಿಮಿಷಕ್ಕೆ ಸ್ವಲ್ಪ ಸ್ವಲ್ಪ ತೆಗೆದು ಫೆರಸ್ ಅಯಾನು ಮತ್ತು ಕ್ಸೈಲೆನಾಲ್ ಆರೆಂಜ್ ಇರುವ ಆಮ್ಲೀಯ ದ್ರಾವಣಕ್ಕೆ ಹಾಕಿ. ಪೆರಾಕ್ಸೈಡ್ ಇದ್ದರೆ ಕಿತ್ತಳೆ ಬಣ್ಣ ನೇರಳೆಗೆ ತಿರುಗುತ್ತದೆ, 560 ನ್ಯಾನೋಮೀಟರ್‌ನಲ್ಲಿ ಓದಿಕೊಳ್ಳಿ. ಪೈರುವೇಟ್ ಇರುವ ಟ್ಯೂಬಿನಲ್ಲಿ ಬಣ್ಣ ಬೇಗ ಕಡಿಮೆ ಆಗುತ್ತಾ ಹೋಗುತ್ತದೆ. ಈ ಗ್ರಾಫ್ ಒಂದು ಸ್ಲೈಡಿನಲ್ಲಿ ಹಾಕಿ. ಹೊರಗಿನಿಂದ ಬಂದ ಎಕ್ಸಾಮಿನರ್ ತಲೆ ಎತ್ತಿ ನೋಡುತ್ತಾರೆ.

ಸೆಲ್ ಯಾರದು ಅಂತ ಕೇಳಿ

ಇಮ್ಯೂನ್ ಸೆಲ್ (ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣ) ಅಂತ ಬರೆದಿದ್ದರೆ ಸಾಲದು. ಇಂಥ ಪೇಪರ್‌ಗಳಲ್ಲಿ ಪದೇ ಪದೇ ಬರುವ ಹೆಸರು ಎರಡು. ಒಂದು ಜರ್ಕಟ್. 1970ರ ದಶಕದಲ್ಲಿ 14 ವರ್ಷದ ಹುಡುಗನೊಬ್ಬನ ಟಿ ಸೆಲ್ ಲ್ಯುಕೇಮಿಯಾದಿಂದ (ರಕ್ತದ ಕ್ಯಾನ್ಸರ್) ತೆಗೆದು ಲ್ಯಾಬಿನಲ್ಲಿ ಬೆಳೆಸುತ್ತಾ ಬಂದ ಸೆಲ್ ಸಾಲು. ಇನ್ನೊಂದು ಟಿಎಚ್‌ಪಿ-1. ಅದು ಮೊನೋಸೈಟ್ ಎಂಬ ಬಿಳಿ ರಕ್ತಕಣದ ಜಾತಿ, ಒಂದು ವರ್ಷದ ಮಗುವಿನ ಲ್ಯುಕೇಮಿಯಾದಿಂದ ಬಂದದ್ದು. ಎರಡೂ ಕ್ಯಾನ್ಸರ್ ಸೆಲ್. ಜರ್ಕಟ್‌ನಲ್ಲಿ ಪಿಟೆನ್ ಎಂಬ ಪ್ರೋಟೀನ್ ಇಲ್ಲ. ಅದಿಲ್ಲದ ಕಾರಣ ಎಕೆಟಿ ಎಂಬ ಬದುಕಿಸುವ ಸಂಕೇತ ಅಲ್ಲಿ ಸದಾ ಚಾಲೂ. ಯಾರಾದರೂ ಪ್ಲಾಸ್ಮಾ ಹಿಡಿದ ಜರ್ಕಟ್‌ನಲ್ಲಿ ಎಕೆಟಿ ನೋಡಿ ಏನಾದರೂ ಹೇಳಿದರೆ, ನೀವು ಸುಮ್ನೆ ಕೈ ಎತ್ತಿ ಪಿಟೆನ್ ಕೇಳಿ.

ಟಿಎಚ್‌ಪಿ-1 ವಿಷಯದಲ್ಲಿ ಬೇರೆ ಎಚ್ಚರಿಕೆ. ಅದನ್ನು ಮ್ಯಾಕ್ರೋಫೇಜ್ (ಕ್ರಿಮಿ ನುಂಗುವ ಸೆಲ್) ಮಾಡಲು ಪಿಎಂಎ ಎಂಬ ರಾಸಾಯನಿಕ ಹಾಕುತ್ತಾರೆ. ಪಿಎಂಎ ತಾನೇ ಇಆರ್‌ಕೆ ಸಂಕೇತವನ್ನು (ಅದೇನೆಂದು ಮುಂದೆ ಬರುತ್ತದೆ) ಜೋರಾಗಿ ಏಳಿಸುತ್ತದೆ. ಅದನ್ನು ತೊಳೆದು ಸೆಲ್‌ಗಳನ್ನು ಸಾಕಷ್ಟು ಹೊತ್ತು ವಿಶ್ರಾಂತಿಗೆ ಬಿಟ್ಟ ಮೇಲೆ ಪ್ಲಾಸ್ಮಾ ಹಿಡಿದರಾ ಅಂತ ನೋಡಿ.

ದಾನಿಗಳ ರಕ್ತದಿಂದ ಬೇರ್ಪಡಿಸಿದ ಪಿಬಿಎಂಸಿ (ಲಿಂಫೋಸೈಟ್, ಮೊನೋಸೈಟ್ ಬೆರೆತ ಬಿಳಿ ರಕ್ತಕಣಗಳು) ಬಳಸಿದ ಪೇಪರ್ ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ ಅನ್ನುತ್ತೇನೆ. ಆ ಮಿಶ್ರಣದಲ್ಲಿ ಲಿಂಫೋಸೈಟ್ (ಟಿ ಸೆಲ್ ಇದರಲ್ಲೊಂದು) ಬೇಗ ಸಾಯುತ್ತವೆ, ಮೊನೋಸೈಟ್ ಹೆಚ್ಚು ತಡೆದುಕೊಳ್ಳುತ್ತವೆ. ಸುಮ್ಮನೆ ಮಲಗಿರುವ ಟಿ ಸೆಲ್‌ಗಿಂತ ಮೊದಲೇ ಎಬ್ಬಿಸಿದ ಟಿ ಸೆಲ್ ಗಟ್ಟಿ. ಇದೇ ನೋಡಿ, ‘ಇಮ್ಯುನಿಟಿ ಜಾಸ್ತಿ’ ಅನ್ನುವ ಸಾಲು ಎಲ್ಲಿ ಮುರಿಯುತ್ತದೆ ಅಂತ. ಒಂದೇ ಟ್ಯೂಬಿನಲ್ಲಿ, ಒಂದೇ ಜ್ವಾಲೆಗೆ ಕೆಲವು ಸೆಲ್ ಹೋಗುತ್ತವೆ, ಕೆಲವು ಉಳಿಯುತ್ತವೆ. ಇಲ್ಲಿ ಯಾವುದನ್ನು ಜಾಸ್ತಿ ಅನ್ನುತ್ತೀರಿ?

ದಾನಿಗಳು ಎಷ್ಟು ಜನ ಅಂತಲೂ ನೋಡಿ. ಒಬ್ಬರ ರಕ್ತವನ್ನೇ ಪ್ಲೇಟಿನ ಮೂರು ಗುಳಿಗೆ (ವೆಲ್) ಹಾಕಿ ‘ಎನ್ ಸಮ ಮೂರು’, ಅಂದರೆ ಮೂರು ಮಾದರಿ, ಅಂತ ಬರೆಯುವವರಿದ್ದಾರೆ. ಅದು ಮೂರು ಅಲ್ಲ, ಒಂದು.

ಸಂಕೇತ ಅಂದರೆ ಏನು, ಬ್ಲಾಟ್‌ನಲ್ಲಿ ಎಲ್ಲಿ ನೋಡಬೇಕು

ಸೆಲ್ ಒಳಗೆ ಎಂಎಪಿ ಕೈನೇಸ್ ಎಂಬ ಪ್ರೋಟೀನ್ ಸರಪಳಿ ಇದೆ; ಒಂದು ಇನ್ನೊಂದಕ್ಕೆ ಫಾಸ್ಫೇಟ್ ಅಂಟಿಸಿ ಎಬ್ಬಿಸುತ್ತಾ ಹೋಗುತ್ತದೆ. ಅದರ ಮೂರು ಕವಲು ನಿಮಗೆ ಗೊತ್ತಿರಬೇಕು. ಎಂಇಕೆ ಎಬ್ಬಿಸುವ ಇಆರ್‌ಕೆ ಸಾಮಾನ್ಯವಾಗಿ ಬೆಳೆ, ಬದುಕು ಅನ್ನುತ್ತದೆ. ಪಿ38 ಮತ್ತು ಜೆಎನ್‌ಕೆ ಒತ್ತಡಕ್ಕೆ ಏಳುವಂಥವು, ಹೆಚ್ಚು ಹೊತ್ತು ಎದ್ದೇ ಇದ್ದರೆ ಸೆಲ್ಲನ್ನು ಸಾವಿನ ಕಡೆ ದೂಡುತ್ತವೆ. ಪಿ38, ಸೆಲ್‌ಗಳ ನಡುವೆ ಸುದ್ದಿ ಒಯ್ಯುವ ಉರಿಯೂತದ ಸೈಟೊಕೈನ್‌ಗಳನ್ನು ಹೊರಡಿಸುವುದರಲ್ಲೂ ಇದೆ.

ನಮ್ಮ ಮಕ್ಕಳಿಗೆ ಇದನ್ನು ಭದ್ರಾ ನಾಲೆ ಇಟ್ಟುಕೊಂಡು ಹೇಳುತ್ತೇನೆ. ನಾಲೆಯ ಉದ್ದಕ್ಕೂ ತೂಬುಗಳಿವೆ. ಒಟ್ಟು ತೂಬು ಎಷ್ಟಿವೆ ಅನ್ನುವುದು ಒಂದು ಲೆಕ್ಕ, ಈ ಹೊತ್ತು ತೆರೆದಿರುವವು ಎಷ್ಟು ಅನ್ನುವುದು ಇನ್ನೊಂದು ಲೆಕ್ಕ. ಗದ್ದೆಗೆ ನೀರು ಹೋಗುವುದು ಎರಡನೆಯದರಿಂದ. ಬ್ಲಾಟ್ ಅಂದರೆ ಸೆಲ್‌ನ ಪ್ರೋಟೀನ್‌ಗಳನ್ನು ತೂಕದ ಪ್ರಕಾರ ಬಿಡಿಸಿ, ಬೇಕಾದ ಪ್ರೋಟೀನನ್ನು ಆಂಟಿಬಾಡಿಯಿಂದ ಗೆರೆಯಾಗಿ ಕಾಣಿಸುವ ಚಿತ್ರ. ಬ್ಲಾಟ್‌ನಲ್ಲಿ ಟೋಟಲ್ ಇಆರ್‌ಕೆ ಅಂದರೆ ಒಟ್ಟು ತೂಬು. ಫಾಸ್ಫೋ ಇಆರ್‌ಕೆ (ಫಾಸ್ಫೇಟ್ ಅಂಟಿ ಎದ್ದಿರುವುದು) ಅಂದರೆ ತೆರೆದ ತೂಬು. ಫಾಸ್ಫೋ ಗೆರೆ ಮಾತ್ರ ತೋರಿಸಿ ಟೋಟಲ್ ಗೆರೆ ಬಿಟ್ಟಿದ್ದರೆ ಆ ಚಿತ್ರವನ್ನು ಅರ್ಧ ಮಾತ್ರ ನಂಬಿ. ತೂಬೇ ಜಾಸ್ತಿ ಕಟ್ಟಿದರೋ ಇದ್ದ ತೂಬನ್ನು ತೆರೆದರೋ ಗೊತ್ತಾಗಲ್ಲ.

ಪೆರಾಕ್ಸೈಡ್ ಈ ತೂಬು ತೆರೆಯುವುದು ಹೇಗೆ? ಎರಡು ದಾರಿ ಚೆನ್ನಾಗಿ ತಿಳಿದಿವೆ. ಫಾಸ್ಫೇಟ್ ಕಿತ್ತುಹಾಕಿ ಸಂಕೇತ ನಿಲ್ಲಿಸುವ ಹಲವು ಫಾಸ್ಫಟೇಸ್ ಎಂಜೈಮ್‌ಗಳ ಬಾಯಲ್ಲಿ ಒಂದು ಸಿಸ್ಟೀನ್ ಇರುತ್ತದೆ. ಪೆರಾಕ್ಸೈಡ್ ಅದರ ಗಂಧಕವನ್ನು ಆಕ್ಸಿಡೈಸ್ ಮಾಡಿದರೆ ಎಂಜೈಮ್ ಕೆಲಸ ನಿಲ್ಲುತ್ತದೆ. ನಿಲ್ಲಿಸುವವರಿಲ್ಲದೆ ಸಂಕೇತ ಮುಂದುವರಿಯುತ್ತದೆ. ಎರಡನೆಯದು ಥಯೋರೆಡಾಕ್ಸಿನ್. ಅದು ಎಎಸ್‌ಕೆ1 ಎಂಬ ಕೈನೇಸನ್ನು ಹಿಡಿದು ಕೂತಿರುತ್ತದೆ. ಆಕ್ಸಿಡೈಸ್ ಆದರೆ ಹಿಡಿತ ಬಿಡುತ್ತದೆ. ಬಿಡುಗಡೆಯಾದ ಎಎಸ್‌ಕೆ1 ಕೆಳಗಿರುವ ಪಿ38, ಜೆಎನ್‌ಕೆ ಎರಡನ್ನೂ ಎಬ್ಬಿಸುತ್ತದೆ. ಅಂದರೆ ಸ್ವಲ್ಪ ಪೆರಾಕ್ಸೈಡ್ ಸೆಲ್‌ಗೆ ಹೊಸ ವಿಷಯವೇನಲ್ಲ. ಅದು ದಿನವೂ ಬಳಸುವ ಭಾಷೆಯೇ. ಅಳತೆ ಮೀರಿದಾಗ ವಿಷ.

ಈಗ 2013ರ ಪೇಪರಿಗೆ ಬನ್ನಿ. ಇಮ್ಯುನೋಬಯಾಲಜಿ ಪತ್ರಿಕೆಯಲ್ಲಿ ಗ್ರೀಫ್ಸ್‌ವಾಲ್ಡ್‌ನವರು ಜರ್ಕಟ್ ಮತ್ತು ಟಿಎಚ್‌ಪಿ-1 ಎರಡಕ್ಕೂ ಪ್ಲಾಸ್ಮಾ ಹಿಡಿದು ಈ ಕವಲುಗಳನ್ನು ನೋಡಿದ್ದಾರೆ. ಜರ್ಕಟ್‌ನಲ್ಲಿ ಸಾವಿನ ಕಡೆಯ ಸಂಕೇತ ಮೇಲುಗೈ. ಟಿಎಚ್‌ಪಿ-1ರಲ್ಲಿ ಎರಡೂ ಕಡೆಯವು ಹೆಚ್ಚು ಸರಿತೂಕ. ಅಷ್ಟೇ ಅಲ್ಲ, ಎಚ್‌ಎಸ್‌ಪಿ27 ಎಂಬ ಕಾಯುವ ಪ್ರೋಟೀನ್ ಟಿಎಚ್‌ಪಿ-1ರಲ್ಲಿ ಮಾತ್ರ ಹೆಚ್ಚಿತು. ಸೆಮಿನಾರಿಗೆ ಹೊಸಬರು ಇದನ್ನೇ ತೆಗೆದುಕೊಳ್ಳಲಿ. ಎರಡು ಸೆಲ್, ಎರಡು ಉತ್ತರ, ಚಿತ್ರಗಳೂ ಕಡಿಮೆ.

ಬ್ಲಾಟ್ ಚಿತ್ರವನ್ನು ನಾನು ಓದುವ ಕ್ರಮ ಹೀಗಿದೆ. ಮೊದಲು ಕೆಳಗಿನ ಗೆರೆ, ಆಕ್ಟಿನ್ ಅಥವಾ ಟ್ಯೂಬುಲಿನ್; ಎಲ್ಲ ಲೇನ್‌ಗೂ ಒಂದೇ ಅಳತೆ ಹಾಕಿದ್ದಾರಾ ಅಂತ ತೋರಿಸುವ ಪ್ರೋಟೀನ್. ಅದು ಎಲ್ಲ ಲೇನ್‌ನಲ್ಲೂ ಒಂದೇ ದಪ್ಪ ಇದೆಯಾ? ಇಲ್ಲದಿದ್ದರೆ ಮೇಲಿನದನ್ನು ನೋಡುವುದೇ ಬೇಡ. ಆಮೇಲೆ ತೂಕ. ಇಆರ್‌ಕೆ ಎರಡು ಗೆರೆ ಕೊಡಬೇಕು, 44 ಮತ್ತು 42 ಕಿಲೋಡಾಲ್ಟನ್‌ನಲ್ಲಿ. ಜೆಎನ್‌ಕೆ ಕೂಡ ಎರಡು, 46 ಮತ್ತು 54. ಎಚ್‌ಎಸ್‌ಪಿ27ರ ತೂಕ ಹೆಸರಲ್ಲೇ ಇದೆ. ಆಮೇಲೆ ಪಾಸಿಟಿವ್ ಕಂಟ್ರೋಲ್. ಪಿ38, ಜೆಎನ್‌ಕೆಗೆ ಅನಿಸೊಮೈಸಿನ್, ಇಆರ್‌ಕೆಗೆ ಪಿಎಂಎ ಹಾಕಿದ ಲೇನ್ ಇದ್ದರೆ ಆಂಟಿಬಾಡಿ ಕೆಲಸ ಮಾಡುತ್ತಿದೆ ಅಂತ ಅರ್ಥ. ಅದಿಲ್ಲದೆ ‘ಪಿ38 ಏಳಲಿಲ್ಲ’ ಅಂತ ಬರೆದಿದ್ದರೆ ಏಳಲಿಲ್ಲವೋ ಕಾಣಲಿಲ್ಲವೋ ಹೇಳೋದಕ್ಕೆ ಆಗಲ್ಲ. ಕೊನೆಗೆ ಕಪ್ಪಿನ ಮಟ್ಟ. ಗೆರೆ ಪೂರಾ ಕಪ್ಪಾಗಿ ಉಬ್ಬಿದ್ದರೆ ಫಿಲ್ಮ್ ತುಂಬಿಹೋಗಿದೆ. ಅದರಿಂದ ‘ಎರಡು ಪಟ್ಟು, ಮೂರು ಪಟ್ಟು’ ಲೆಕ್ಕ ತೆಗೆಯುವ ಹಾಗಿಲ್ಲ.

ಸಮಯವನ್ನು ಮರೆಯಬೇಡಿ. ಫಾಸ್ಫೋ ಸಂಕೇತ ನಿಮಿಷಗಳಲ್ಲಿ ಏಳುತ್ತದೆ, ಬೀಳುತ್ತದೆ. ಸಾವು ತಾಸುಗಳ ಕೆಲಸ. ಹದಿನೈದು ನಿಮಿಷದ ಗೆರೆ ಪ್ಲಾಸ್ಮಾಕ್ಕೆ ಸೆಲ್ ಕೊಟ್ಟ ಉತ್ತರ. ಇಪ್ಪತ್ನಾಲ್ಕು ತಾಸಿನ ಗೆರೆಯಲ್ಲಿ ಸಾಯುತ್ತಿರುವ ಸೆಲ್‌ಗಳ ಗಲಾಟೆಯೂ ಸೇರಿರುತ್ತದೆ. ಅದೇ ಹೊತ್ತಿನ ಅನೆಕ್ಸಿನ್ ಮತ್ತು ಪ್ರೊಪಿಡಿಯಂ ಅಯೊಡೈಡ್ (ಸಾಯುತ್ತಿರುವ, ಸತ್ತ ಸೆಲ್ ತೋರಿಸುವ ಬಣ್ಣಗಳು) ಲೆಕ್ಕ ಪಕ್ಕದಲ್ಲಿ ಇದ್ದರೆ ಮಾತ್ರ ಎರಡನ್ನೂ ಬಿಡಿಸಬಹುದು. ಐಎಲ್-8ರಂಥ ಸೈಟೊಕೈನ್‌ಗೂ ಇದೇ ಮಾತು. ದ್ರವದಲ್ಲಿನ ಪ್ರೋಟೀನ್ ಅಳೆಯುವ ಎಲಿಸಾದಲ್ಲಿ ಐಎಲ್-8 ಏರಿತು ಅಂದರೆ, ಬದುಕಿರುವ ಸೆಲ್ ಎಷ್ಟು ಅನ್ನುವ ಸಂಖ್ಯೆ ಕೇಳಿ, ಅದರಿಂದ ಭಾಗಿಸಿ.

ನೀವೇ ಬ್ಲಾಟ್ ಮಾಡುವವರಿದ್ದರೆ ಒಂದೆರಡು ಮಾತು. ಫಾಸ್ಫೇಟ್ ಬಹಳ ನಾಜೂಕು. ಸೆಲ್ ಒಡೆಯುವ ದ್ರಾವಣಕ್ಕೆ ಸೋಡಿಯಂ ಆರ್ಥೊವನಡೇಟ್ ಮತ್ತು ಸೋಡಿಯಂ ಫ್ಲೋರೈಡ್ ಹಾಕಲೇಬೇಕು, ಫಾಸ್ಫಟೇಸ್ ತಡೆಯೋದಕ್ಕೆ. ಎಲ್ಲವೂ ಐಸ್ ಮೇಲೆ. ಏಪ್ರಿಲ್‌ನಲ್ಲಿ ನಮ್ಮ ಲ್ಯಾಬಿನ ಒಳಗೇ ಮೂವತ್ತೈದು ದಾಟಿರುತ್ತದೆ, ಅದರ ಮೇಲೆ ಕರೆಂಟ್ ಹೋಗುತ್ತದೆ. ಐಸ್ ಬಕೆಟ್ ತುಂಬಿಕೊಂಡ ಮೇಲೆ ಕೆಲಸ ಶುರು ಮಾಡಿ, ನಡುವೆ ಹುಡುಕಿಕೊಂಡು ಓಡಬೇಡಿ. ಆಂಟಿಬಾಡಿ ಕಂಡಕಂಡಲ್ಲಿ ಅಂಟದ ಹಾಗೆ ಮೆಂಬ್ರೇನ್ ಬ್ಲಾಕ್ ಮಾಡಲು ಹಾಲಿನ ಪುಡಿ ಅಗ್ಗ, ಎಲ್ಲರೂ ಅದನ್ನೇ ಬಳಸುತ್ತಾರೆ. ಆದರೆ ಹಾಲಿನ ಕೇಸಿನ್ ತಾನೇ ಫಾಸ್ಫೇಟ್ ಹೊತ್ತ ಪ್ರೋಟೀನ್. ಫಾಸ್ಫೋ ಆಂಟಿಬಾಡಿಗೆ ದನದ ರಕ್ತದ ಪ್ರೋಟೀನ್ ಆದ ಬಿಎಸ್‌ಎ ಬಳಸಿದರೆ ಹಿನ್ನೆಲೆ ಸ್ವಚ್ಛ ಇರುತ್ತದೆ. ಖರ್ಚು ಜಾಸ್ತಿ, ಹೌದು.

ಕಂಟ್ರೋಲ್ ಎಣಿಸಿ

ಏನೂ ಹಿಡಿಯದ ಸೆಲ್ ಒಂದೇ ಕಂಟ್ರೋಲ್ (ಹೋಲಿಕೆಗೆ ಇಡುವ ಮಾದರಿ) ಆದರೆ ಸಾಲದು. ಪ್ಲಾಸ್ಮಾ ಹೊತ್ತಿಸದೆ ಬರೀ ಆರ್ಗಾನ್ ಊದಿದ ಡಿಶ್ ಬೇಕು. ಅನಿಲ ಊದಿದರೇ ದ್ರವ ಅಲ್ಲಾಡುತ್ತದೆ, ತಣ್ಣಗಾಗುತ್ತದೆ, ಆರುತ್ತದೆ. ನಿಮಿಷಕ್ಕೆ 3 ಲೀಟರ್ ಒಣ ಅನಿಲ ಒಂದೆರಡು ಮಿಲಿಲೀಟರ್ ದ್ರವದ ಮೇಲೆ ಬಿದ್ದರೆ ಉಪ್ಪಿನ ಸಾಂದ್ರತೆ ಏರುತ್ತದೆ. ಉಪ್ಪು ಏರಿದರೂ ಪಿ38 ಏಳುತ್ತದೆ! ಅದಕ್ಕೇ ಎಚ್ಚರ ಇರುವವರು ಡಿಶ್ ತೂಕ ಮಾಡಿ, ಹೋದಷ್ಟು ಸ್ಟೆರೈಲ್ ನೀರು ಮತ್ತೆ ಸೇರಿಸಿರುತ್ತಾರೆ. ಪೇಪರಿನಲ್ಲಿ ಈ ಒಂದು ಸಾಲು ಕಂಡರೆ ನನಗೆ ಬರೆದವರ ಮೇಲೆ ಗೌರವ ಬರುತ್ತದೆ.

ಅಷ್ಟೇ ಸಾಂದ್ರತೆಯ ಪೆರಾಕ್ಸೈಡನ್ನು ಬಾಟಲಿಯಿಂದ ಹಾಕಿದ ಡಿಶ್ ಕೂಡ ಬೇಕು. ಪ್ಲಾಸ್ಮಾ ಮಾಡಿದ್ದನ್ನೆಲ್ಲ ಪೆರಾಕ್ಸೈಡ್ ಒಂದೇ ಮಾಡಿದರೆ, ಉಳಿದ ಸಾಮಗ್ರಿಗೆ ಏನು ಕೆಲಸ? ಕ್ಯಾಟಲೇಸ್ ಹಾಕಿದ ಡಿಶ್ ಅದನ್ನೇ ಉಲ್ಟಾ ಕಡೆಯಿಂದ ಪರೀಕ್ಷಿಸುತ್ತದೆ. ಇವೆರಡೂ ಇಲ್ಲದ ಪೇಪರ್ ಪ್ಲಾಸ್ಮಾದ ಬಗ್ಗೆ ಹೇಳುತ್ತಿದೆಯೋ ಪೆರಾಕ್ಸೈಡ್ ಬಗ್ಗೆಯೋ ತಿಳಿಯದು.

ಡಿಶ್‌ನಿಂದ ಕಾಲಿನ ಹುಣ್ಣಿಗೆ

ಸೆಮಿನಾರ್ ಮುಗಿದ ಮೇಲೆ ಯಾರಾದರೂ ಹತ್ತಿರ ಬಂದು ಕೇಳುತ್ತಾರೆ, ‘ಸರ, ನಮ್ಮಪ್ಪನಿಗೆ ಶುಗರ್ ಇದೆ, ಕಾಲಿನ ಗಾಯ ಮಾಯ್ತಿಲ್ಲ. ಇದನ್ನ ಮಾಡಿಸಬಹುದಾ?’ ಹೊಲದಲ್ಲಿ ಬರಿಗಾಲಲ್ಲಿ ನಡೆಯುವ ಜನ ನಮ್ಮವರು. ಈ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಲಾಗದು.

ತಿಳಿದಿರುವುದು ಇಷ್ಟು. 2010ರಲ್ಲಿ ಜರ್ಮನಿಯಲ್ಲಿ 36 ರೋಗಿಗಳ ಹಳೆಯ ಗಾಯಕ್ಕೆ ದಿನಕ್ಕೆ ಐದು ನಿಮಿಷ ಆರ್ಗಾನ್ ಪ್ಲಾಸ್ಮಾ ಹಿಡಿದರು. ಬ್ಯಾಕ್ಟೀರಿಯಾ ಹೊರೆ ಹಿಡಿಯದ ಜಾಗಕ್ಕಿಂತ 34 ಪರ್ಸೆಂಟ್ ಹೆಚ್ಚು ಇಳಿಯಿತು. 2020ರಲ್ಲಿ ಜಾಮಾ ನೆಟ್‌ವರ್ಕ್ ಓಪನ್ ಪತ್ರಿಕೆಯಲ್ಲಿ ಡಯಾಬಿಟಿಕ್ ಕಾಲಿನ ಹುಣ್ಣಿನ ಮೇಲಿನ ಪರೀಕ್ಷೆ ಬಂತು. ಪ್ಲಾಸ್ಮಾ ಹಿಡಿದ ಹುಣ್ಣು ಹೆಚ್ಚು ಕುಗ್ಗಿತು, ಬೇಗ ಕುಗ್ಗಿತು. ಆದರೆ ಸೋಂಕು ಮತ್ತು ಕ್ರಿಮಿಗಳ ಹೊರೆಯಲ್ಲಿ ಎರಡು ಗುಂಪಿಗೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ನಮಗೆ ಬೇಕಾದ ಎಳೆ ಇಲ್ಲಿದೆ. ಕ್ರಿಮಿ ಕೊಂದದ್ದಕ್ಕೇ ಗಾಯ ಮಾಯ್ದದ್ದಲ್ಲ ಅಂತಾದರೆ, ಗಾಯದೊಳಗಿನ ಸೆಲ್‌ಗಳ ಮಾತುಕತೆಯಲ್ಲಿ ಏನೋ ಬದಲಾಗಿರಬೇಕು. ಹಳೆಯ ಹುಣ್ಣು ಉರಿಯೂತದ ಹಂತದಲ್ಲೇ ಸಿಕ್ಕಿಕೊಂಡಿರುತ್ತದೆ. ಇಆರ್‌ಕೆ, ಪಿ38 ಅಂತ ಇಷ್ಟು ಹೊತ್ತು ನೋಡಿದ್ದು ಅದಕ್ಕೇ.

ಇನ್ನೊಂದು ಬದಿಯೂ ಇದೆ. ಪ್ಲಾಸ್ಮಾ ತಗುಲಿದ, ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ತಮ್ಮ ಡಿಎನ್‌ಎಯನ್ನೇ ಬಲೆಯಾಗಿ ಹೊರಗೆ ಎಸೆಯುತ್ತವೆ ಅಂತ 2016ರಲ್ಲಿ ತೋರಿಸಿದ್ದಾರೆ. ಆ ಬಲೆ ಕ್ರಿಮಿ ಹಿಡಿಯುತ್ತದೆ, ಸರಿ. ಸಕ್ಕರೆ ಕಾಯಿಲೆ ಇರುವಾಗ ಬಲೆ ಜಾಸ್ತಿಯಾದರೆ ಗಾಯ ಮಾಯುವುದು ತಡವಾಗುತ್ತದೆ ಅಂತಲೂ ಬೇರೆ ಕೆಲಸಗಳಿಂದ ಗೊತ್ತಿದೆ. ಡಿಶ್‌ನ ಒಂದು ಚಿತ್ರ ಹಿಡಿದು ಕಾಲಿನ ಬಗ್ಗೆ ಭವಿಷ್ಯ ಹೇಳಬೇಡಿ.

ಅಪ್ಪನ ಕಾಲಿಗೆ ನಾನು ಹೇಳುವುದು ಹಳೆಯ ಮಾತೇ. ಸಕ್ಕರೆ ಹತೋಟಿಗೆ ಬರಲಿ. ಕಾಲಿಗೆ ರಕ್ತ ಸರಿಯಾಗಿ ಇಳಿಯುತ್ತಿದೆಯಾ ಅಂತ ಸರ್ಜನ್ ಹತ್ತಿರ ನೋಡಿಸಿ. ಸತ್ತ ಚರ್ಮ ತೆಗೆಸಿ. ಆ ಕಾಲಿನ ಮೇಲೆ ಭಾರ ಹಾಕದ ಹಾಗೆ ಚಪ್ಪಲಿ ಮಾಡಿಸಿ. 2020ರ ಪರೀಕ್ಷೆಯಲ್ಲೂ ಪ್ಲಾಸ್ಮಾ ಕೊಟ್ಟದ್ದು ಮಾಮೂಲಿ ಚಿಕಿತ್ಸೆಯ ಜೊತೆಗೆ, ಅದರ ಬದಲಿಗಲ್ಲ. ಆನ್‌ಲೈನಲ್ಲಿ ‘ಪ್ಲಾಸ್ಮಾ ಪೆನ್’ ಅಂತ ಮಚ್ಚೆ, ನರುಲಿ ತೆಗೆಯುವ ಸಾಧನ ಮಾರುತ್ತಾರೆ. ಅದು ಕಿಡಿ ಹಾರಿಸಿ ಚರ್ಮ ಸುಡುವ ವಸ್ತು. ಕೋಲ್ಡ್ ಅಲ್ಲವೇ ಅಲ್ಲ. ಶುಗರ್ ಇರುವವರ ಕಾಲಿನ ಹತ್ತಿರ ಅದನ್ನು ತರಬೇಡಿ.

ಇನ್ನು ಹೇಳುವ ದಿನ

ನೇರಳೆ ಜ್ವಾಲೆಯ ಫೋಟೋ ಒಂದೇ ಸಾಕು. ಎರಡನೇ ಸ್ಲೈಡಿನಲ್ಲಿ ನೀವು ಹಾಳೆಯ ಮೇಲೆ ಬರೆದುಕೊಂಡ ಯಂತ್ರ, ಅನಿಲ, ದೂರ, ಸೆಕೆಂಡ್, ದ್ರವ ಹಾಕಿ. ಮೂರನೆಯದರಲ್ಲಿ ಬ್ಲಾಟ್ ಒಂದನ್ನೇ, ಪೂರಾ ಪರದೆ ತುಂಬುವಷ್ಟು ದೊಡ್ಡದಾಗಿ ಹಾಕಿ ಗೆರೆ ಗೆರೆಯಾಗಿ ತೋರಿಸಿ. ಒಂದೇ ಸ್ಲೈಡಿನಲ್ಲಿ ನಾಲ್ಕು ಚಿತ್ರ ತುರುಕಿದರೆ ಹಿಂದಿನ ಬೆಂಚಿನವರು ಮೊಬೈಲ್ ತೆಗೆಯುತ್ತಾರೆ, ತಪ್ಪು ಅವರದಲ್ಲ.

ಕಳೆದ ಬಾರಿ ಜಗಳೂರು ಕಡೆಯ ಹುಡುಗಿಯೊಬ್ಬಳು ಕೊನೆಯ ಸ್ಲೈಡಿನಲ್ಲಿ ಹೀಗೆ ಬರೆದಿದ್ದಳು: ‘ಈ ಆರ್ಗಾನ್ ಜೆಟ್, ಈ ಸೆಕೆಂಡ್‌ಗಳಲ್ಲಿ, ಆರ್‌ಪಿಎಂಐ ದ್ರವದಲ್ಲಿ, ಜರ್ಕಟ್‌ಗಿಂತ ಟಿಎಚ್‌ಪಿ-1ರಲ್ಲಿ ಸಂಕೇತ ಹೆಚ್ಚು ಸಮತೋಲದಲ್ಲಿದೆ.’ ಉದ್ದ ಆಯಿತು, ಆದರೆ ಅದರಲ್ಲಿ ಒಂದು ಪದ ತೆಗೆದರೂ ಸುಳ್ಳಾಗುತ್ತದೆ. ಒಬ್ಬರು ‘ಹಾಗಾದರೆ ಇಮ್ಯುನಿಟಿಗೆ ಒಳ್ಳೇದೋ ಕೆಟ್ಟದ್ದೋ?’ ಅಂತ ಕೇಳಿದರು. ‘ಯಾವ ಸೆಲ್‌ಗೆ ಅಂತ ಹೇಳಿ ಸರ, ಆಮೇಲೆ ಹೇಳ್ತೀನಿ’ ಅಂದಳು.

ಹಾಂ, ಪೇಪರಿನ ಜೊತೆ ಆನ್‌ಲೈನಲ್ಲಿ ಇಡುವ ಸಪ್ಲಿಮೆಂಟರಿ ಫೈಲ್ ಡೌನ್‌ಲೋಡ್ ಮಾಡಿ ಪ್ರಿಂಟ್ ಹಾಕಿಸಿಕೊಂಡು ಬನ್ನಿ. ಕತ್ತರಿಸದ ಬ್ಲಾಟ್, ದಾನಿಗಳ ಸಂಖ್ಯೆ, ಮೀಡಿಯಂ ಬಾಟಲಿಯ ಕ್ಯಾಟಲಾಗ್ ನಂಬರ್ ಇದ್ದರೆ ಹೆಚ್ಚಾಗಿ ಅಲ್ಲಿರುತ್ತವೆ. ಎಕ್ಸಾಮಿನರ್ ಮೊದಲು ಕೇಳುವುದು ಅದನ್ನೇ.